ಎರಡು ವರ್ಷವಾದರೂ ಮೇಲೇಳದ ಗಿಡ: ಔಷಧಿ ಹೊಡೆಯುವ ಮೊದಲು ಬುಡ ಕೆದಕಿ ನೋಡಿ

ನನ್ನ ಸಂಪಿಗೆ ಗಿಡ ಎರಡು ವರ್ಷ ಮೊಣಕಾಲೆತ್ತರ ಬಿಟ್ಟು ಮೇಲೇಳಲಿಲ್ಲ. ಸಾಯಲೂ ಇಲ್ಲ. ನಾಲ್ಕೈದು ಎಲೆ ಬಿಡುವುದು, ಅವು ತಿಳಿಹಳದಿ ಆಗುವುದು, ತುದಿ ಸುಟ್ಟ ಹಾಗೆ ಕಂದಾಗಿ ಉದುರುವುದು, ಇಷ್ಟೇ ಅದರ ಕೆಲಸ. ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಗೊಬ್ಬರ ಹಾಕಿದೆ, ಆಮೇಲೆ ಇನ್ನಷ್ಟು ಗೊಬ್ಬರ ಹಾಕಿದೆ. ಒಂದು ಹುಳುವೂ ಕಾಣದಿದ್ದರೂ ಬೇವಿನ ಎಣ್ಣೆ ಸಿಂಪಡಿಸಿದೆ. ಒಬ್ಬರು ಹೇಳಿದರು ಅಂತ ನೀರು ಜಾಸ್ತಿ ಮಾಡಿದೆ, ಇನ್ನೊಬ್ಬರು ಹೇಳಿದರು ಅಂತ ಕಡಿಮೆ ಮಾಡಿದೆ. ಕೊನೆಗೆ ಸಾಕಾಗಿ, ಕಿತ್ತು ಬೇರೆ ನೆಡೋಣ ಅಂತ ಬುಡ ಅಗೆದಾಗ ಗೊತ್ತಾಯಿತು. ತಪ್ಪು ನಡೆದಿದ್ದು ನೆಟ್ಟ ದಿನವೇ.

ಅಲ್ಲಿಂದೀಚೆಗೆ ಸುಮಾರು ಗಿಡಗಳ ಬುಡ ಕೆದಕಿದ್ದೇನೆ, ನನ್ನವೂ, ಕೇಳಿದವರವೂ. ತೊಂದರೆ ಎಲೆಯಲ್ಲಿ ಕಾಣಿಸುತ್ತದೆ, ಆದರೆ ಬಹಳಷ್ಟು ಸಲ ಅದು ಹುಟ್ಟುವುದು ಮಣ್ಣಿನಿಂದ ಒಂದು ಗೇಣು ಕೆಳಗೆ. ಅದಕ್ಕೇ ಇಲ್ಲಿ ಹುಡುಕುವ ಕ್ರಮವನ್ನು ಹೀಗೆ ಇಟ್ಟಿದ್ದೇನೆ: ಮೊದಲು ಬುಡ, ಆಮೇಲೆ ನೀರು, ಆಮೇಲೆ ಎಲೆ, ಕೊನೆಗೆ ಹುಳು. ನಾವು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತೇವೆ, ಅಲ್ವಾ?

ಅದಕ್ಕೂ ಮೊದಲು: ಸತ್ತಿದೆಯೋ, ಸುಮ್ನೆ ಕೂತಿದೆಯೋ?

ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿದೆ ಅಂತ ಕಿತ್ತು ಹಾಕಬೇಡಿ. ಕಕ್ಕೆ, ಮುತ್ತುಗ, ಬೂರುಗ, ಗುಲ್‌ಮೊಹರ್ ಇವೆಲ್ಲ ಒಣ ದಿನಗಳಲ್ಲಿ ಎಲೆ ಉದುರಿಸುವ ಜಾತಿಗಳು. ಎಳೆ ಗಿಡ ಎಷ್ಟು ಬೋಳಾಗುತ್ತದೆ ಅಂದರೆ ಗೊತ್ತಿಲ್ಲದವರು ಬೇಲಿಗೆ ಕಡ್ಡಿ ನೆಟ್ಟಿದ್ದಾರೆ ಅಂದುಕೊಳ್ಳಬೇಕು.

ಪರೀಕ್ಷೆ ಸುಲಭ. ತುದಿಯ ರೆಂಬೆಯಿಂದ ಶುರು ಮಾಡಿ, ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಅಕ್ಕಿಕಾಳಿನಷ್ಟು ಮಾತ್ರ ಕೆರೆಯಿರಿ. ಒಳಗೆ ಹಸಿರಾಗಿ ಒದ್ದೆಯಾಗಿದ್ದರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಅಷ್ಟು ಭಾಗ ಹೋಗಿದೆ. ಹಾಗೇ ಕೆಳಗೆ ಬನ್ನಿ. ಎಲ್ಲಿ ಹಸಿರು ಸಿಗುತ್ತದೋ ಅಲ್ಲಿಗೆ ನಿಲ್ಲಿಸಿ, ಅದರ ಮೇಲಿನದ್ದನ್ನು ಆಮೇಲೆ ಕತ್ತರಿಸಿದರಾಯಿತು. ಬುಡದವರೆಗೂ ಒಣಗಿದ್ದರೂ ನಾನು ಒಂದು ಮಳೆಗಾಲ ಕಾಯುತ್ತೇನೆ, ಬೇರು ಜೀವಂತ ಇದ್ದರೆ ಕೆಲವು ಜಾತಿ ನೆಲದಿಂದಲೇ ಮತ್ತೆ ಚಿಗುರುತ್ತವೆ. ಆದರೆ ಕಸಿ ಗಿಡವಾಗಿದ್ದು ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರಿದರೆ ಖುಷಿ ಪಡಬೇಡಿ. ಅದು ನೀವು ತಂದ ಗಿಡವಲ್ಲ, ಕೆಳಗಿನ ಕಾಡು ಗಿಡ. "ನಾನು ತಂದಾಗ ಎಲೆ ಹೀಗಿರಲಿಲ್ಲ" ಅನ್ನುವವರ ಗಿಡದಲ್ಲಿ ಬಹುತೇಕ ಇದೇ ಆಗಿರುತ್ತದೆ. ಮೇಲಿನ ಕಸಿ ಜೀವಂತ ಇದ್ದರೆ ಕೆಳಗಿನ ಚಿಗುರನ್ನು ಕಂಡ ಕಂಡ ಹಾಗೆ ಮುರಿದು ಹಾಕಿ.

ಬುಡ

ಮರದ ಕಾಂಡ ನೆಲಕ್ಕೆ ಸೇರುವ ಜಾಗವನ್ನು ಗಮನಿಸಿ ನೋಡಿ. ತಾನಾಗಿ ಬೆಳೆದ ಮರದಲ್ಲಿ ಕಾಂಡ ಕೆಳಗೆ ಬರುತ್ತಾ ಅಗಲವಾಗುತ್ತದೆ, ಆನೆಯ ಪಾದದ ಹಾಗೆ. ಅಲ್ಲಿಂದ ಮೊದಲ ದಪ್ಪ ಬೇರುಗಳು ಪಕ್ಕಕ್ಕೆ ಹೊರಡುತ್ತವೆ. ಆ ಅಗಲ ಶುರುವಾಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ನಿಮ್ಮ ಗಿಡದ ಕಾಂಡ ದೀಪದ ಕಂಬದ ಹಾಗೆ ನೆಟ್ಟಗೆ ಮಣ್ಣಿನೊಳಗೆ ಇಳಿದಿದೆಯಾ? ಹಾಗಿದ್ದರೆ ಆಳಕ್ಕೆ ನೆಟ್ಟಿದ್ದೀರಿ ಅಂತ ಲೆಕ್ಕ.

ಆಳಕ್ಕೆ ನೆಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು ನಮ್ಮ ಎಣಿಕೆ. ಆದರೆ ಬೇರು ಉಸಿರಾಡಬೇಕು. ನೀರು, ಪೋಷಕಾಂಶ ಹೀರುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ 30 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ, ಗಾಳಿ ಸಿಗುವುದು ಅಲ್ಲೇ ಅಂತ. ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳ ಅನ್ನುವ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ನಿಜವಾಗಿ ಬೇರು ಆಳಕ್ಕಿಂತ ಅಗಲಕ್ಕೆ ಜಾಸ್ತಿ ಹೋಗುತ್ತದೆ, ಕೊಂಬೆಗಳ ನೆರಳು ಬೀಳುವ ಜಾಗವನ್ನೂ ದಾಟಿ. ಇನ್ನು ಕಾಂಡದ ತೊಗಟೆ ಗಾಳಿಯಲ್ಲಿರಲಿ ಅಂತಲೇ ಆದದ್ದು. ಅದನ್ನು ಹಸಿ ಮಣ್ಣಿನಲ್ಲಿ ಹೂತಿಟ್ಟರೆ ಮೆತ್ತಗಾಗಿ ಕೊಳೆಯುತ್ತದೆ.

ಕೆದಕುವುದಕ್ಕೆ ಗುದ್ದಲಿ ಬೇಡ. ಕೈ, ಒಂದು ಮರದ ಕಡ್ಡಿ, ಹಳೆಯ ಪೇಂಟ್ ಬ್ರಷ್ ಸಾಕು. ಕಾಂಡದ ಸುತ್ತ ಮಣ್ಣನ್ನು ನಿಧಾನವಾಗಿ ಬಿಡಿಸುತ್ತಾ ಹೋಗಿ. ಮಧ್ಯದಲ್ಲಿ ದಾರದಂಥ ಬೇರುಗಳು ಸಿಗಬಹುದು. ಅವನ್ನೇ ನಿಜವಾದ ಬೇರು ಅಂದುಕೊಂಡು ನಿಲ್ಲಿಸಬೇಡಿ, ಅವು ಹೂತು ಹೋದ ಕಾಂಡದಿಂದ ಗಿಡ ಪರದಾಡಿ ಬಿಟ್ಟವು. ಪೆನ್ಸಿಲ್ ದಪ್ಪದ, ಪಕ್ಕಕ್ಕೆ ಹೊರಟ ಬೇರು ಸಿಗುವವರೆಗೆ ಇಳಿಯಿರಿ.

ನನ್ನ ಸಂಪಿಗೆಯಲ್ಲಿ ಅದು ಸಿಕ್ಕಿದ್ದು ನಾಲ್ಕು ಬೆರಳು ಕೆಳಗೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕಿರುಬೆರಳಿನಷ್ಟು ದಪ್ಪದ ಒಂದು ಬೇರು ಕಾಂಡವನ್ನು ಪೂರ್ತಿ ಒಂದು ಸುತ್ತು ಹಾಕಿ, ತನ್ನ ಮೇಲೇ ದಾಟಿ, ಮತ್ತೆ ಅರ್ಧ ಸುತ್ತು ಬಂದಿತ್ತು. ಅದು ಒತ್ತಿದ ಕಡೆ ತೊಗಟೆ ಒಳಗೆ ಹೋಗಿ ಬಿಗಿಯಾದ ಬಳೆ ಹಾಕಿದ ಕೈಯ ಹಾಗೆ ಗುರುತು ಬಿದ್ದಿತ್ತು. ಅದರ ಕೆಳಗೆ ನರ್ಸರಿಯ ಕಪ್ಪು ಚೀಲದ ತಳ, ಅಂಗೈಯಗಲದ ತುಂಡು, ಹಾಗೇ ಇತ್ತು. ಪಕ್ಕ ಹರಿದಿದ್ದೆ, ತಳ ತೆಗೆದಿರಲಿಲ್ಲ. ಬೇರುಗಳೆಲ್ಲ ಆ ಪ್ಲಾಸ್ಟಿಕ್ ಮೇಲೆ ಚಾಪೆ ಹೆಣೆದ ಹಾಗೆ ಹರಡಿ ಅಲ್ಲೇ ನಿಂತಿದ್ದವು. ಎರಡು ವರ್ಷ ನಾನು ಹಾಕಿದ ಗೊಬ್ಬರದ ಗತಿ ಏನಾಗಿರಬೇಡ!

ಚೀಲದಲ್ಲಿ ಜಾಸ್ತಿ ದಿನ ಇದ್ದ ಗಿಡದ ಬೇರು ಗೋಡೆಗೆ ತಾಗಿ ಸುತ್ತುವುದು ಮಾಮೂಲು. ನೆಲಕ್ಕೆ ಹಾಕಿದ ಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಸುತ್ತಿದ್ದು ಸುತ್ತಿದ ಹಾಗೇ ದಪ್ಪವಾಗುತ್ತದೆ. ಕಾಂಡವೂ ದಪ್ಪವಾಗುತ್ತದೆ. ಒಂದು ದಿನ ಎರಡೂ ಒಂದಕ್ಕೊಂದು ಒತ್ತಿ, ಮೇಲಿಂದ ಕೆಳಗೆ ಬೇರಿಗೆ ಹೋಗಬೇಕಾದ ಆಹಾರ ನಿಂತು ಹೋಗುತ್ತದೆ. ಹತ್ತು ವರ್ಷ ಚೆನ್ನಾಗಿದ್ದ ಮರ ಇದ್ದಕ್ಕಿದ್ದಂತೆ ಸೊರಗಿದರೆ, ಅಥವಾ ಕಾಂಡದ ಬುಡ ಒಂದೇ ಪಕ್ಕ ಚಪ್ಪಟೆಯಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಸರಿ ಮಾಡುವುದು ಹೇಗೆ? ಗಿಡ ಚಿಕ್ಕದಿದ್ದರೆ ಮಳೆಗಾಲದ ಆರಂಭದಲ್ಲಿ ಎತ್ತಿ ಮತ್ತೆ ನೆಡಿ. ಬೇರಿನ ಮುದ್ದೆಯ ಹೊರಗಿನ ಸುತ್ತನ್ನು ಹರಿತವಾದ ಚಾಕುವಿನಿಂದ ಒಂದು ಬೆರಳಿನ ದಪ್ಪ ಕೆತ್ತಿ ತೆಗೆಯಿರಿ, ಅಥವಾ ನಾಲ್ಕು ಕಡೆ ಉದ್ದಕ್ಕೆ ಸೀಳಿ. ತಳದಲ್ಲಿ ಕೊಕ್ಕೆಯ ಹಾಗೆ ಮಡಚಿದ ತಾಯಿಬೇರಿದ್ದರೆ ಮಡಿಕೆ ಬರುವ ಮುಂಚೆ ಕತ್ತರಿಸಿ. ಎದೆ ಝಲ್ ಅನ್ನುತ್ತದೆ, ಗೊತ್ತು. ಆದರೂ ಮಾಡಿ. ಕತ್ತರಿಸಿದ ಕಡೆಯಿಂದ ಹೊಸ ಬೇರು ನೇರವಾಗಿ ಹೊರಡುತ್ತದೆ. ಗುಂಡಿ ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ ಇರಲಿ, ಆದರೆ ಅದರ ಎತ್ತರಕ್ಕಿಂತ ಆಳ ಬೇಡ. ಆಳ ಅಗೆದು ಸಡಿಲ ಮಣ್ಣು ತುಂಬಿ ಮೇಲೆ ಗಿಡ ಇಟ್ಟರೆ, ಮಳೆ ಬಂದು ಮಣ್ಣು ಕುಸಿದು ಗಿಡವೂ ಅದರ ಜೊತೆ ಕೆಳಗೆ ಹೋಗುತ್ತದೆ. ಆಳಕ್ಕೆ ನೆಡದವರ ಗಿಡವೂ ಆಳದಲ್ಲಿರುವುದು ಹೀಗೆ.

ದೊಡ್ಡ ಗಿಡವಾದರೆ ಎತ್ತುವ ಮಾತೇ ಇಲ್ಲ. ಬುಡ ಕಾಣುವವರೆಗೆ ಸುತ್ತಲಿನ ಮಣ್ಣು ತೆಗೆದು ಅಗಲವಾದ ತಟ್ಟೆಯ ಹಾಗೆ ಬಿಡಿ. ಸುತ್ತಿಕೊಂಡ ಬೇರನ್ನು ಉಳಿ ಅಥವಾ ಗಿಡ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ದಪ್ಪ ಬೇರು ಎರಡು ಮೂರಿದ್ದರೆ ನಾನು ಒಂದೇ ಸಲ ಎಲ್ಲ ಕತ್ತರಿಸಲ್ಲ, ಈ ಮಳೆಗೆ ಒಂದು, ಮುಂದಿನ ಮಳೆಗೆ ಇನ್ನೊಂದು. ಬೇರು ಕಾಂಡದೊಳಗೆ ಹೂತು ಹೋಗಿದ್ದರೆ ಕೀಳಲು ಹೋಗಬೇಡಿ, ಎರಡೂ ತುದಿ ಕತ್ತರಿಸಿ ನಡುವಿನದ್ದನ್ನು ಹಾಗೇ ಬಿಡಿ.

ಬುಡದ ತೊಗಟೆ ಮೆತ್ತಗಾಗಿ, ಒತ್ತಿದರೆ ನೀರು ಅಥವಾ ಅಂಟು ಬರುತ್ತಿದ್ದರೆ ಕೊಳೆ ಶುರುವಾಗಿದೆ. ಕೊಳೆತದ್ದನ್ನು ಗಟ್ಟಿ ಭಾಗ ಬರುವವರೆಗೆ ಕೆರೆದು, ಎರಡು ದಿನ ಒಣಗಲು ಬಿಟ್ಟು, ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, 100 ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಆಮೇಲೆ ಸೇರಿಸುವುದು. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ್ದು ಬೇಡ. ಅವತ್ತು ಮಾಡಿದ್ದನ್ನು ಅವತ್ತೇ ಹಚ್ಚಿ ಮುಗಿಸಿ.

ಬುಡದ ಲೆಕ್ಕಕ್ಕೇ ಬರುವ ಇನ್ನೊಂದು ತಪ್ಪು, ತರಗೆಲೆಯನ್ನೋ ತೆಂಗಿನ ನಾರನ್ನೋ ಕಾಂಡಕ್ಕೆ ಒತ್ತಿ ಗುಡ್ಡೆ ಹಾಕುವುದು. ಹೊದಿಕೆ ಒಳ್ಳೆಯದೇ. 5ರಿಂದ 10 ಸೆಂ.ಮೀ. ದಪ್ಪ ಹಾಕಿ, ಆದರೆ ಕಾಂಡದಿಂದ ಒಂದು ಗೇಣು ದೂರ ಬಿಡಿ.

ನೀರು: ಕಡಿಮೆಯೋ ಜಾಸ್ತಿಯೋ

ಎರಡಕ್ಕೂ ಗಿಡ ಒಂದೇ ಥರ ಬಾಡುತ್ತದೆ. ಮೋಸ ಹೋಗುವುದು ಇಲ್ಲೇ. ನೀರು ನಿಂತರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯಲ್ಲ, ಎಲೆ ಬಾಡುತ್ತದೆ, ನಾವು ಅಯ್ಯೋ ಪಾಪ ಅಂತ ಇನ್ನೊಂದು ಬಕೆಟ್ ಸುರಿಯುತ್ತೇವೆ.

ಎಲೆ ನೋಡಿ ತೀರ್ಮಾನ ಮಾಡಬೇಡಿ, ಮಣ್ಣು ಮುಟ್ಟಿ. ಬುಡದಿಂದ ಸ್ವಲ್ಪ ದೂರದಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ತೆಗೆಯಿರಿ. ಹಸಿ ಮಣ್ಣಿಗೆ ಅದು ಸಲೀಸಾಗಿ ಇಳಿಯುತ್ತದೆ, ಮಣ್ಣು ಅಂಟಿಕೊಂಡು ಬರುತ್ತದೆ. ಒಣಗಿದ್ದರೆ ಇಳಿಯುವುದೇ ಇಲ್ಲ. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದ್ದರೆ ಬೇರು ಹೋಗುತ್ತಿದೆ ಅಂತ ಅರ್ಥ. ಒಂದೆರಡು ಬೇರು ಕೆದಕಿ ನೋಡಿ. ಆರೋಗ್ಯದ ಬೇರು ಬಿಳಿ ಅಥವಾ ತಿಳಿಗಂದು, ಗಟ್ಟಿ. ಕೊಳೆತದ್ದು ಕಪ್ಪಗಿರುತ್ತದೆ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ಮಣ್ಣು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಇನ್ನು ಅನುಮಾನವೇ ಬೇಡ.

ಜಾಗವೇ ಸರಿ ಇಲ್ಲವಾ ಅಂತ ತಿಳಿಯಲು 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿ, ಈ ಎರಡನೇ ಸಲದ್ದೇ ಲೆಕ್ಕ. ಒಂದು ಕಡ್ಡಿಯಲ್ಲಿ ಗುರುತು ಹಾಕಿ ಗಂಟೆಗೆ ಎಷ್ಟು ಇಳಿಯಿತು ನೋಡಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ಜಾಗದಲ್ಲಿ ನೀರು ಬಸಿಯುವುದು ಕಷ್ಟ. ಅಲ್ಲಿ ದಿಬ್ಬ ಮಾಡಿ ಮೇಲೆ ನೆಡಿ, ಇಲ್ಲವೇ ಹೊಳೆಮತ್ತಿಯಂಥ, ಹೊಳೆದಂಡೆಯಲ್ಲೇ ಬೆಳೆಯುವ ಮರ ಆರಿಸಿ. ಜೇಡಿಮಣ್ಣಿನ ಗುಂಡಿಗೆ ಮರಳು, ಗೊಬ್ಬರ ಎಲ್ಲ ತುಂಬಿ ಮೃದು ಮಾಡಿದರೆ ಸರಿ ಹೋಗುತ್ತದೆ ಅಂತ ನಾನೂ ನಂಬಿದ್ದೆ. ಆಗುವುದು ಏನೆಂದರೆ ಸುತ್ತಲಿನ ನೀರೆಲ್ಲ ಆ ಮೃದು ಗುಂಡಿಗೇ ಬಂದು ನಿಲ್ಲುತ್ತದೆ. ಗಿಡಕ್ಕೆ ನಾವೇ ಬಾವಿ ತೋಡಿ ಕೊಟ್ಟ ಹಾಗೆ.

ಉಲ್ಟಾ ತೊಂದರೆಯೂ ಇದೆ. ಹೊಸದಾಗಿ ನೆಟ್ಟ ಗಿಡದ ಸುತ್ತಲಿನ ಮಣ್ಣು ಹಸಿಯಾಗೇ ಇರುತ್ತದೆ, ಆದರೆ ನರ್ಸರಿಯಿಂದ ಬಂದ ಮುದ್ದೆ ಒಳಗೆ ಪುಡಿ ಪುಡಿ ಒಣಗಿರುತ್ತದೆ. ಅದರಲ್ಲಿ ತೆಂಗಿನ ನಾರಿನ ಪುಡಿ ಜಾಸ್ತಿ ಇದ್ದು ಒಮ್ಮೆ ಪೂರ್ತಿ ಒಣಗಿದರೆ ನೀರು ಒಳಗೆ ಹೋಗದೆ ಪಕ್ಕದಲ್ಲಿ ಹರಿದು ಹೋಗುತ್ತದೆ. ಹಾಗಾಗಿ ಮೊದಲ ಕೆಲವು ವಾರ ನೀರು ಕಾಂಡದ ಹತ್ತಿರವೇ, ನಿಧಾನವಾಗಿ ಹಾಕಿ. ಆಮೇಲೆ ಪಾತಿಯನ್ನು ದೂರ ದೂರ ಸರಿಸುತ್ತಾ ಹೋಗಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಕೂತಿರುತ್ತದೆ. ಗಿಡ ಹಿಡಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಬಕೆಟ್ ನಿಧಾನವಾಗಿ ಇಂಗಿಸುವುದು ವಾಸಿ.

ಬುಡದ ಸುತ್ತ ಹುಲ್ಲು ಬೆಳೆದಿದ್ದರೆ ಒಂದು ಮೀಟರ್ ಅಗಲಕ್ಕಾದರೂ ತೆಗೆಯಿರಿ. ಎಳೆ ಗಿಡದ ಪಾಲಿನ ನೀರು, ಗೊಬ್ಬರ ಎರಡನ್ನೂ ಮೊದಲು ಕುಡಿಯುವುದು ಹುಲ್ಲು.

ಎಲೆಯ ಬಣ್ಣ ಓದುವುದು

ಒಂದೇ ಪ್ರಶ್ನೆ ಕೇಳಿಕೊಳ್ಳಿ. ಹಳದಿ ಆಗಿದ್ದು ಹಳೆ ಎಲೆಯೋ, ಹೊಸ ಎಲೆಯೋ? ಸಾರಜನಕ, ಮೆಗ್ನೀಷಿಯಂ, ಪೊಟ್ಯಾಶ್ ಇವನ್ನು ಗಿಡ ಹಳೆ ಎಲೆಯಿಂದ ಎಳೆದು ಹೊಸ ಚಿಗುರಿಗೆ ಕೊಡಬಲ್ಲದು. ಆದ್ದರಿಂದ ಅವು ಕಡಿಮೆಯಾದರೆ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗಲ್ಲ, ಆದ್ದರಿಂದ ಅದರ ಕೊರತೆ ಚಿಗುರಿನಲ್ಲೇ ಕಾಣುತ್ತದೆ.

ಕೆಳಗಿನ ಎಲೆ ಇಡೀ ಒಂದೇ ಸಮ ತಿಳಿಹಳದಿ ಆದರೆ ಸಾರಜನಕ. ಹಸಿ ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಿದ್ದರೂ ಹೀಗಾಗುತ್ತದೆ, ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಮೇಲೆ ಹೊದಿಕೆಯಾಗಿ ಹಾಕಿದರೆ ಅಷ್ಟು ತೊಂದರೆ ಇಲ್ಲ. ಹಳೆ ಎಲೆಯ ನರದ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ, ಅಂಚು ಸುಟ್ಟ ಹಾಗಿದ್ದರೆ ಪೊಟ್ಯಾಶ್ ಇರಬಹುದು. ಆದರೆ ಅಂಚು ಸುಡುವುದಕ್ಕೆ ಇನ್ನೊಂದು ಕಾರಣ ಗೊಬ್ಬರ ಜಾಸ್ತಿಯಾಗುವುದು, ಉಪ್ಪಿನ ನೀರು ಹಾಕುವುದು. ನೀರು ಶುದ್ಧ ಮಾಡುವ ಮಷೀನಿನಿಂದ ಹೊರಬರುವ ವೇಸ್ಟ್ ನೀರನ್ನೇ ದಿನಾ ಗಿಡಕ್ಕೆ ಬಿಡುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ, ಅದರಲ್ಲಿ ಇರುವುದೇ ಸೋಸಿ ಬಿಟ್ಟ ಲವಣ.

ಚಿಗುರು ಎಲೆ ಹಳದಿ, ನರ ಮಾತ್ರ ಹಸಿರು ಬಲೆಯ ಹಾಗೆ ಎದ್ದು ಕಾಣುತ್ತಿದ್ದರೆ ಕಬ್ಬಿಣ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸುಣ್ಣದ ಅಂಶ ಜಾಸ್ತಿಯಾಗಿ ಬೇರಿಗೆ ಸಿಗುತ್ತಿಲ್ಲ. ಮನೆ ತೋಟದಲ್ಲಿ ಇದು ಜಾಸ್ತಿ, ಯಾಕೆಂದರೆ ಮನೆ ಕಟ್ಟಿದವರು ಉಳಿದ ಗಾರೆ, ಸಿಮೆಂಟ್ ಎಲ್ಲ ಅಂಗಳದಲ್ಲೇ ಹೂತು ಮೇಲೊಂದು ಪದರ ಕೆಂಪು ಮಣ್ಣು ಎಳೆದು ಹೋಗಿರುತ್ತಾರೆ. ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹಾಕಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ. ತಕ್ಷಣಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಟೈಲ್ಸ್ ಮೇಲೆ ಬೀಳದಂತೆ ನೋಡಿಕೊಳ್ಳಿ, ತುಕ್ಕಿನ ಕಲೆ ಹೋಗಲ್ಲ, ಮನೆಯವರ ಬೈಗುಳವೂ ನಿಲ್ಲಲ್ಲ. ಇದು ಬರೀ ತಾತ್ಕಾಲಿಕ. ಗಾರೆ ಚೂರು ಆರಿಸಿ ತೆಗೆದು, ವರ್ಷಾನುಗಟ್ಟಲೆ ಎಲೆಗೊಬ್ಬರ ಹಾಕುತ್ತಾ ಹೋಗುವುದೇ ದಾರಿ.

ಶ್ರೀಗಂಧ ನೆಟ್ಟವರಿಗೆ ಇದ್ಯಾವುದೂ ಅನ್ವಯಿಸಲ್ಲ. ಅದು ಒಂಟಿಯಾಗಿ ನಿಂತು ಹಳದಿಯಾಗಿ ಕುಂಟುತ್ತಿದ್ದರೆ ಹಸಿವಾಗಿದೆ ಅಂತ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅದರಿಂದ ನೀರು, ಪೋಷಕಾಂಶ ಎಳೆಯುತ್ತದೆ. ಪಕ್ಕದಲ್ಲಿ ತೊಗರಿ ಹಾಕಿ. ಗೊಬ್ಬರದಿಂದ ಆಗದ್ದು ಎರಡು ತೊಗರಿ ಗಿಡದಿಂದ ಆಗುತ್ತದೆ.

ನೆಟ್ಟ ವಾರದಲ್ಲೇ ಎಲೆ ಬಿಳಿಚಿ ಒಣ ಮಚ್ಚೆ ಬಿದ್ದರೆ ಅದು ಬಿಸಿಲಿನ ಪೆಟ್ಟು. ನೆರಳು ಬಲೆಯ ಕೆಳಗೆ ಬೆಳೆದ ಗಿಡವನ್ನು ಒಂದೇ ಸಲ ಬಯಲಿಗೆ ತಂದಿದ್ದೀರಿ. ಹೊಸ ಎಲೆ ಸರಿಯಾಗೇ ಬರುತ್ತದೆ, ಬಿಟ್ಟುಬಿಡಿ.

ಹುಳು, ಬೂಷ್ಟು, ಇರುವೆ

ಮೊದಲು ಬಿಟ್ಟುಬಿಡಬೇಕಾದ್ದನ್ನು ಹೇಳುತ್ತೇನೆ. ಹೊಂಗೆ ಎಲೆ ಮೇಲೆ ಗುಳ್ಳೆ ಗುಳ್ಳೆ ಎದ್ದಿದ್ದರೆ ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ. ಬಿಳಿ ಮಚ್ಚೆಯಾಗಿದ್ದರೆ ಎಲೆಯ ಪದರದೊಳಗೆ ಕೂತು ಮೇಯುವ ಹುಳು. ನೋಡಲು ಅಸಹ್ಯ, ಮರಕ್ಕೆ ಏನೂ ಆಗಲ್ಲ. ಕಕ್ಕೆ ಗಿಡದ ಎಲೆಯನ್ನೆಲ್ಲ ಹಸಿರು ಕಂಬಳಿಹುಳುಗಳು ಬೋಳಿಸಿದರೆ ಗಾಬರಿ ಬೇಡ, ಅವು ತಿಳಿಹಳದಿ ಬಿಳಿ ಚಿಟ್ಟೆಗಳ ಮರಿ. ಸಂಪಿಗೆ ಎಲೆ ತಿನ್ನುವುದೂ ಹಸಿರು ಚುಕ್ಕೆಯ ಕಪ್ಪು ಚಿಟ್ಟೆಯ ಮರಿ ಇರಬಹುದು. ಗಟ್ಟಿಯಾಗಿ ನಿಂತ ಗಿಡ ಮತ್ತೆ ಚಿಗುರುತ್ತದೆ. ಸ್ಥಳೀಯ ಮರ ನೆಟ್ಟು ಅದನ್ನು ಯಾರೂ ತಿನ್ನಬಾರದು ಅಂದರೆ ಹೇಗೆ? ಮೊಣಕಾಲೆತ್ತರದ ಗಿಡವಾದರೆ ಮಾತ್ರ ಹುಳುಗಳನ್ನು ಕೈಯಿಂದ ಆರಿಸಿ.

ಎಲೆ ಮೇಲೆ ಮಸಿ ಬಳಿದ ಹಾಗೆ ಕಪ್ಪಾಗಿದ್ದರೆ ಬೆರಳಿಂದ ಉಜ್ಜಿ ನೋಡಿ. ಮಸಿ ಎದ್ದು ಬಂದರೆ ಅದು ಬರೀ ಮೇಲೆ ಕೂತ ಬೂಷ್ಟು. ಅದಕ್ಕೆ ಔಷಧಿ ಹುಡುಕಬೇಡಿ, ಮೇಲೆ ನೋಡಿ. ಎಲೆಯ ಅಡಿಯಲ್ಲೋ ಚಿಗುರಿನಲ್ಲೋ ಹಿಟ್ಟು ತಿಗಣೆ ಅಥವಾ ಗಿಡದ ಹೇನು ಕೂತು ರಸ ಹೀರಿ ಅಂಟು ಸುರಿಸುತ್ತಿರುತ್ತದೆ, ಆ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಆ ಅಂಟಿಗಾಗಿ ಇರುವೆಗಳು ಬಂದು ತಿಗಣೆಯನ್ನು ಕಾಯುತ್ತವೆ. ಗುಲಗಂಜಿ ಹುಳು ಬಂದು ತಿಗಣೆ ತಿನ್ನಲು ಹೋದರೆ ಓಡಿಸುತ್ತವೆ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದೆ ಅಂದರೆ ಅದನ್ನು ಹಿಂಬಾಲಿಸಿ ಹೋಗಿ, ಸೀದಾ ತೊಂದರೆಯ ಮನೆಗೇ ಕರೆದುಕೊಂಡು ಹೋಗುತ್ತದೆ. ಕಾಂಡಕ್ಕೆ ಬಟ್ಟೆ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರ ಹಚ್ಚಬೇಡಿ. ತಿಗಣೆಗೆ ಮೊದಲು ಪೈಪಿನಿಂದ ಜೋರಾಗಿ ನೀರು. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪು, ಸಂಜೆ ಹೊತ್ತು ಎಲೆಯ ಅಡಿಗೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ನಿಜವಾಗಿ ಹೆದರಬೇಕಾದ್ದು ಕಾಂಡ ಕೊರೆಯುವ ಹುಳುವಿಗೆ. ಬುಡದಲ್ಲಿ ಮರದ ಹೊಟ್ಟು ಉದುರಿದ್ದರೆ, ಕವಲಿನ ಹತ್ತಿರ ಹೊಟ್ಟು ಮತ್ತು ಹಿಕ್ಕೆಯನ್ನು ಬಲೆಯಲ್ಲಿ ಹೆಣೆದ ಕಂದು ಪಟ್ಟಿ ಕಂಡರೆ ಅಲ್ಲೇ ತೂತು ಇರುತ್ತದೆ. ಪಟ್ಟಿ ಕೆರೆದು ತೆಗೆದು, ತೂತಿಗೆ ಸೈಕಲ್ ಕಡ್ಡಿಯೋ ತಂತಿಯೋ ತೂರಿಸಿ ಒಳಗೆ ಚುಚ್ಚಿ. ತಂತಿಯ ತುದಿ ಒದ್ದೆಯಾಗಿ ಬಂದರೆ ಕೆಲಸ ಆಯಿತು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಮಣ್ಣಿನಿಂದ ಮುಚ್ಚಿ, ವಾರ ಬಿಟ್ಟು ನೋಡಿ. ಹೊಸ ಹೊಟ್ಟು ಬಂದಿದ್ದರೆ ಮತ್ತೆ ಮಾಡಿ.

ಗೆದ್ದಲು ಕಂಡರೆ ಅದೇ ಗಿಡ ಕೊಂದಿದ್ದು ಅಂತ ಎಲ್ಲರೂ ಹೇಳುತ್ತಾರೆ. ತೊಗಟೆ ಮೇಲಿನ ಮಣ್ಣು ಒರೆಸಿ ನೋಡಿ, ಸಾಮಾನ್ಯವಾಗಿ ಸತ್ತ ಹೊರ ತೊಗಟೆಯನ್ನಷ್ಟೇ ತಿಂದಿರುತ್ತದೆ. ಬೇಸಿಗೆಯಲ್ಲಿ ನೀರಿಲ್ಲದ ಎಳೆ ಗಿಡದ ಬೇರಿಗೆ ಬಂದರೆ ಮಾತ್ರ ಕಷ್ಟ.

ಗಾಯ ಮತ್ತು ಕತ್ತರಿ

ಕಾಂಡದ ಸುತ್ತ ನೆಲಮಟ್ಟದಲ್ಲಿ ತೊಗಟೆ ಸುಲಿದಿದೆಯಾ? ಹುಲ್ಲು ಕತ್ತರಿಸುವ ಮಷೀನಿನ ದಾರ. ಎದೆಯೆತ್ತರದಲ್ಲಿ ಸುತ್ತ ಗೆರೆ ಬಿದ್ದಿದೆಯಾ? ಆಸರೆ ಕೋಲಿಗೆ ಕಟ್ಟಿದ ಹಗ್ಗ ಬಿಚ್ಚಲು ಮರೆತಿದ್ದೀರಿ. ಹಗ್ಗ ಸಡಿಲ ಇರಬೇಕು, ವರ್ಷದೊಳಗೆ ಕೋಲು ತೆಗೆಯಬೇಕು. ಗಾಳಿಗೆ ಅಲ್ಲಾಡಿದರೇ ಕಾಂಡ ದಪ್ಪವಾಗುವುದು. ಎರಡು ವರ್ಷ ಕೋಲಿಗೆ ಬಿಗಿದ ಗಿಡ ಬಿಚ್ಚಿದ ದಿನ ನೆಲಕ್ಕೆ ಬಾಗುತ್ತದೆ.

ಕೊಂಬೆ ಕತ್ತರಿಸಿದ ಕಡೆ ಕೊಳೆಯುತ್ತಿದ್ದರೆ ಕತ್ತರಿಸಿದ ಜಾಗ ನೋಡಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಒಂದು ಕುತ್ತಿಗೆ ಇರುತ್ತದೆ. ಅದರ ಹೊರಗೆ ಕತ್ತರಿಸಬೇಕು. ಕುತ್ತಿಗೆಯನ್ನೂ ಸೇರಿಸಿ ಕಾಂಡಕ್ಕೆ ಸಮ ಮಾಡಿದರೆ ಗಾಯ ಮುಚ್ಚಲ್ಲ, ಒಂದು ಗೇಣು ಮೋಟು ಬಿಟ್ಟರೂ ಮುಚ್ಚಲ್ಲ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಚೈನ್ ಸಾ ಹಿಡಿದು ಸಾವಿರಾರು ಮರ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳಲ್ಲ, ಕೊಳೆತ ಭಾಗಕ್ಕೆ ಒಳಗಿನಿಂದ ಗೋಡೆ ಕಟ್ಟಿ ದೂರ ಇಡುತ್ತದೆ. ಒಳ್ಳೆ ಜಾಗದಲ್ಲಿ ಕತ್ತರಿಸಿದ ಕೊಂಬೆಗೆ ಪೇಂಟ್, ಡಾಂಬರು ಬಳಿಯುವುದರಿಂದ ಉಪಯೋಗ ಇಲ್ಲ. ಒಳಗೆ ತೇವ ಹಿಡಿದಿಡುತ್ತದೆ ಅಷ್ಟೇ.

ಹೂ ಇಲ್ಲ, ಬೀಜ ಮೊಳೆಯಲ್ಲ

ಹೂ ಬಿಡದಿದ್ದರೆ ಮೊದಲು ವಯಸ್ಸು ಲೆಕ್ಕ ಹಾಕಿ. ಬೀಜದ ಸಂಪಿಗೆಗೆ ಏಳೆಂಟು ವರ್ಷವಾದರೂ ಬೇಕು, ಕಸಿಯದ್ದು ಎರಡು ಮೂರು ವರ್ಷಕ್ಕೇ ಬಿಡುತ್ತದೆ. ವಯಸ್ಸಾಗಿದ್ದೂ ಬರೀ ದಟ್ಟ ಎಲೆ ಇದ್ದರೆ ಸಾರಜನಕ ಜಾಸ್ತಿ, ಇಲ್ಲವೇ ಬಿಸಿಲು ಸಾಲದು. ಹೂ ಬಿಡುವ ಮುಂಚೆ ಕತ್ತರಿ ಹಾಕಿದರೆ ಮೊಗ್ಗನ್ನೇ ಕತ್ತರಿಸಿದ ಹಾಗೆ, ಹೂ ಮುಗಿದ ಮೇಲೆ ಹಾಕಿ.

ಬೀಜದಲ್ಲಿ ಎರಡು ಜಾತಿ ತಪ್ಪು ನಡೆಯುತ್ತದೆ. ಬೇವು, ಸಂಪಿಗೆಯ ಬೀಜವನ್ನು ಡಬ್ಬದಲ್ಲಿ ಜೋಪಾನ ಮಾಡಿಟ್ಟು ತಿಂಗಳುಗಟ್ಟಲೆ ಆದ ಮೇಲೆ ಬಿತ್ತುತ್ತೇವೆ, ಅಷ್ಟರಲ್ಲಿ ಅವು ಸತ್ತಿರುತ್ತವೆ. ಬಿದ್ದ ವಾರದಲ್ಲೇ ಹಾಕಬೇಕು, ಸಂಪಿಗೆಯದ್ದಾದರೆ ಮೇಲಿನ ಕೆಂಪು ತಿರುಳು ತೊಳೆದು. ಕಕ್ಕೆ ಬೀಜ ಇದರ ವಿರುದ್ಧ. ಸಿಪ್ಪೆ ಕಲ್ಲಿನ ಹಾಗೆ, ವರ್ಷಗಟ್ಟಲೆ ಕಾಯುತ್ತದೆ. ಮರಳು ಕಾಗದದಲ್ಲಿ ಒಂದು ಪಕ್ಕ ಉಜ್ಜಿ ರಾತ್ರಿ ನೀರಿನಲ್ಲಿ ಹಾಕಿ. ಬೆಳಿಗ್ಗೆ ಉಬ್ಬಿದ್ದನ್ನು ನೆಡಿ, ಉಬ್ಬದ್ದನ್ನು ಮತ್ತೆ ಉಜ್ಜಿ.

ಇಷ್ಟೆಲ್ಲ ಮಾಡಿಯೂ ಗಿಡ ಸತ್ತರೆ ಕಿತ್ತು ಎಸೆಯಬೇಡಿ. ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ಬೇರು ತೊಳೆದು ನೋಡಿ. ಹೊಸ ಬೇರು ಮುದ್ದೆಯಿಂದ ಹೊರಗೆ ಬಂದೇ ಇಲ್ಲವಾ? ಕಾಂಡ ಎಷ್ಟು ಉದ್ದ ಮಣ್ಣಿನಲ್ಲಿತ್ತು? ಎಲ್ಲಿಂದ ಕಪ್ಪಾಗಿದೆ? ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಗುಂಡಿಯ ತಳದಲ್ಲೂ ಒಮ್ಮೆ ಕೈಯಾಡಿಸಿ. ಅದೇ ಗುಂಡಿಗೆ ಇನ್ನೊಂದು ಗಿಡ ಇಡುವುದು ಅದಾದ ಮೇಲೆ.